ಹಳೇ ಕಾರು, ಹಳೇ ಬೈಕು: ರಸ್ತೆ ತೆರಿಗೆ, ನೋಂದಣಿ, ಲೈಸೆನ್ಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಶೆಡ್ಡಿನಲ್ಲಿ ಅಜ್ಜನ ಕಾಲದ ಫಿಯೆಟ್ ನಿಂತಿದೆ, ಅಥವಾ ಮೈಸೂರಿನಲ್ಲೇ ತಯಾರಾದ ಜಾವಾ ಇದೆ. ಮೆಕ್ಯಾನಿಕ್ ಸಿಕ್ಕಾಯಿತು, ಇಂಜಿನ್ ಸ್ಟಾರ್ಟ್ ಆಯಿತು. ಆಮೇಲೆ ಸಿಕ್ಕಿಬೀಳುವುದು ಕಾಗದಪತ್ರದಲ್ಲಿ. ಕರ್ನಾಟಕದ ಮಾಲೀಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಕಾನೂನಿನ ಲೆಕ್ಕದಲ್ಲಿ 'ವಿಂಟೇಜ್' ಅಂದರೆ ಯಾವ ಗಾಡಿ?

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಅದರಲ್ಲಿ ವಿಂಟೇಜ್ ವಾಹನಗಳಿಗೆಂದೇ 81-ಎ ಇಂದ ಶುರುವಾಗುವ ನಿಯಮಗಳನ್ನು ಸೇರಿಸಿದರು. ಅದರ ಪ್ರಕಾರ ಮೊದಲ ಮಾರಾಟದ ನಂತರ ಮೊದಲ ಸಲ ನೋಂದಣಿಯಾದ ದಿನದಿಂದ 50 ವರ್ಷ ದಾಟಿದ ದ್ವಿಚಕ್ರ ವಾಹನ ಅಥವಾ ಖಾಸಗಿ ನಾಲ್ಕು ಚಕ್ರದ ಗಾಡಿ ವಿಂಟೇಜ್. ಹೊರದೇಶದಿಂದ ತರಿಸಿದ್ದಕ್ಕೂ ಇದೇ ಅಳತೆ. ಲಾರಿ, ಬಸ್ಸು, ಟ್ರಾಕ್ಟರ್, ಮೂರು ಚಕ್ರದ ಗಾಡಿಗಳು ಇದರೊಳಗೆ ಬರುವುದಿಲ್ಲ.

ಇನ್ನೊಂದು ಷರತ್ತಿದೆ, ಬಹಳ ಜನ ಅದನ್ನು ಓದದೆ ಮುಂದೆ ಹೋಗುತ್ತಾರೆ. ಚಾಸಿ, ಬಾಡಿ ಶೆಲ್ ಅಥವಾ ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಬಣ್ಣ ಹೊಡೆಸಿದ್ದು, ಸೀಟಿನ ಹೊದಿಕೆ ಬದಲಿಸಿದ್ದು, ತುಕ್ಕು ಹಿಡಿದ ತಗಡಿಗೆ ತೇಪೆ ಹಾಕಿಸಿದ್ದು ಅದೇ ಗಾಡಿಯ ರಿಪೇರಿ. ಬಾಡಿ ಕತ್ತರಿಸಿ ಓಪನ್ ಟಾಪ್ ಮಾಡಿಸಿದ್ದರೆ ಅದು ಮಾರ್ಪಾಡು.

50 ವರ್ಷವನ್ನು ಗಾಡಿ ತಯಾರಾದ ವರ್ಷದಿಂದ ಎಣಿಸಬೇಡಿ. ಆರ್‌ಸಿಯಲ್ಲಿರುವ ಮೊದಲ ನೋಂದಣಿ ದಿನಾಂಕವೇ ಲೆಕ್ಕ. 1975ರ ಡಿಸೆಂಬರ್‌ನಲ್ಲಿ ತಯಾರಾಗಿ 1976ರ ಮಾರ್ಚ್ 10ರಂದು ನೋಂದಣಿಯಾದ ಕಾರು 2026ರ ಮಾರ್ಚ್ 10 ದಾಟಿದ ಮೇಲೆ ಅರ್ಹವಾಗುತ್ತದೆ.

ನನ್ನದು 1984ರ ಪ್ರೀಮಿಯರ್ ಪದ್ಮಿನಿ. ಇದಕ್ಕೆ 'ಕ್ಲಾಸಿಕ್' ಅಂತ ಏನಾದರೂ ವರ್ಗ ಇದೆಯೇ?

ಇಲ್ಲ. ಕ್ಲಬ್ಬುಗಳು, ರ‍್ಯಾಲಿಗಳು ತಮ್ಮ ಅನುಕೂಲಕ್ಕೆ ಕ್ಲಾಸಿಕ್ ಎನ್ನುತ್ತವೆ. ಆರ್‌ಟಿಒ ಕಡತದಲ್ಲಿ ನಿಮ್ಮದು 15 ವರ್ಷ ಮೀರಿದ ಸಾಮಾನ್ಯ ಖಾಸಗಿ ಕಾರು. ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಬೇಕು. ಜನ ಇದನ್ನೇ 'ಎಫ್‌ಸಿ ಮಾಡಿಸೋದು' ಅನ್ನುತ್ತಾರೆ.

50 ದಾಟಿದ್ದರೆ ವಿಂಟೇಜ್ ನೋಂದಣಿ ಮಾಡಿಸಲೇಬೇಕೇ?

ಬೇಕಿಲ್ಲ, ಅದು ನಿಮ್ಮ ಇಷ್ಟ. ಬಹುಪಾಲು ಜನ ತಪ್ಪು ನಿರ್ಧಾರ ಮಾಡುವುದು ಇಲ್ಲೇ. ಹಾಗಾಗಿ ದುಡ್ಡಿನ ಲೆಕ್ಕ, ಬಳಕೆಯ ಲೆಕ್ಕ ಎರಡನ್ನೂ ಕೂತು ಮಾಡಿ.

ಮೊದಲು ದುಡ್ಡು. ವಿಂಟೇಜ್ ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ. ನಂತರದ ಮರುನೋಂದಣಿಗೆ 5,000 ರೂ. ಇನ್ನು ಸಾಮಾನ್ಯ ನವೀಕರಣ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದರ ಶುಲ್ಕ ಏರಿಸಿತು. 20 ವರ್ಷ ಮೀರಿದ ಗಾಡಿಗಳಿಗೆ ಜಿಎಸ್‌ಟಿ ಬಿಟ್ಟು ಮೋಟಾರ್ ಸೈಕಲ್‌ಗೆ 2,000, ಕಾರು-ಜೀಪುಗಳಿಗೆ 10,000, ಆಮದಾದ ದ್ವಿಚಕ್ರ ಅಥವಾ ಮೂರು ಚಕ್ರದ ವಾಹನಕ್ಕೆ 20,000, ಆಮದಾದ ಕಾರಿಗೆ 80,000 ರೂ. ಇದು ಐದು ವರ್ಷಕ್ಕೆ.

ಹತ್ತು ವರ್ಷಕ್ಕೆ ಗುಣಿಸಿ ನೋಡಿ. ಜಾವಾ ಇದ್ದವರಿಗೆ ಸಾಮಾನ್ಯ ದಾರಿಯಲ್ಲಿ 4,000 ರೂ. ಆದರೆ ವಿಂಟೇಜ್ ದಾರಿಯಲ್ಲಿ 20,000. ದೇಶದಲ್ಲೇ ತಯಾರಾದ ಫಿಯೆಟ್ ಅಥವಾ ಅಂಬಾಸಿಡರ್‌ಗೆ ಎರಡೂ ಕಡೆ ಸುಮಾರು 20,000. ಆಮದಾದ ಕಾರಿಗೆ ಸಾಮಾನ್ಯ ದಾರಿಯಲ್ಲಿ 1,60,000, ವಿಂಟೇಜ್‌ನಲ್ಲಿ 20,000.

ಈಗ ಬಳಕೆ. ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಭಾನುವಾರ ಬೆಳಿಗ್ಗೆ ಮನೆಮಂದಿಯನ್ನು ಕೂರಿಸಿಕೊಂಡು ತಿಂಡಿಗೆ ಹೋಗುವ ಕಾರು ನಿಮ್ಮದಾಗಿದ್ದರೆ ಸಾಮಾನ್ಯ ಆರ್‌ಸಿಯನ್ನೇ ಉಳಿಸಿಕೊಳ್ಳಿ. ದೇಶಿ ಕಾರು ಮತ್ತು ಬೈಕಿನ ಮಾಲೀಕರಿಗೆ ನಮ್ಮ ಸ್ಪಷ್ಟ ಸಲಹೆ ಇದು: ಆರ್‌ಸಿ ಜೀವಂತ ಇದ್ದರೆ ಅದನ್ನು ಬಿಡಬೇಡಿ. ವಿಂಟೇಜ್ ದಾರಿ ನಿಜಕ್ಕೂ ಉಪಯೋಗಕ್ಕೆ ಬರುವುದು ಆಮದು ಕಾರಿಗೆ, ಪ್ರದರ್ಶನಕ್ಕಷ್ಟೇ ಇಟ್ಟುಕೊಂಡ ಗಾಡಿಗೆ, ಹಾಗೂ ದಾಖಲೆಯ ಕೊಂಡಿ ಕಳಚಿ ಹೊಸದಾಗಿ ನೋಂದಣಿ ಮಾಡಿಸಲೇಬೇಕಾದ ಗಾಡಿಗೆ.

ವಿಂಟೇಜ್ ಮಾಡಿಸಿದ ಮೇಲೆ ಎಲ್ಲೆಲ್ಲಿ ಓಡಿಸಬಹುದು?

ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಮತ್ತು ಇಂಥ ಕಾರ್ಯಕ್ರಮಗಳಿಗೆ ಹೋಗಿಬರಲು. ರ‍್ಯಾಲಿಗೆ ಹೊರಟಾಗ ಆಹ್ವಾನಪತ್ರ ಅಥವಾ ನೋಂದಣಿ ರಸೀದಿಯ ಪ್ರತಿಯನ್ನು ಡ್ಯಾಶ್‌ಬೋರ್ಡಿನಲ್ಲಿಡಿ. ಗ್ಯಾರೇಜಿಗೆ ಒಯ್ಯುವಾಗ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಇದ್ದರೂ ಸಾಕು, ದಾರಿಯಲ್ಲಿ ತಡೆದ ಪೊಲೀಸರಿಗೆ ಏನಾದರೂ ತೋರಿಸುವುದಿರಬೇಕು.

ಮದುವೆಗೆ, ಸಿನಿಮಾ ಶೂಟಿಂಗಿಗೆ ಬಾಡಿಗೆಗೆ ಕೊಡಬಹುದೇ?

ವಿಂಟೇಜ್ ನೋಂದಣಿಯಲ್ಲಿ ವಾಣಿಜ್ಯ ಬಳಕೆ ಪೂರ್ತಿ ನಿಷಿದ್ಧ. ಸಾಮಾನ್ಯ ಖಾಸಗಿ ನೋಂದಣಿಯಲ್ಲೂ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 192-ಎ ಅಡಿ ಮೊದಲ ಸಲಕ್ಕೇ 10,000 ರೂ. ದಂಡ, ಜೊತೆಗೆ ಆರು ತಿಂಗಳವರೆಗಿನ ಜೈಲು ಶಿಕ್ಷೆಗೂ ಅವಕಾಶವಿದೆ. ದಂಡಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಬಾಡಿಗೆ ಪಡೆದು ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ಪರಿಹಾರದ ಹೊರೆಯನ್ನು ನಿಮ್ಮ ಮೇಲೆ ಹಾಕಲು ದಾರಿ ಸಿಗುತ್ತದೆ. ಅಣ್ಣನ ಮಗಳ ಮದುವೆಗೆ ದುಡ್ಡು ಮುಟ್ಟದೆ ಸಾಮಾನ್ಯ ಆರ್‌ಸಿಯ ಕಾರು ಒಯ್ದರೆ ಯಾವ ತೊಂದರೆಯೂ ಇಲ್ಲ.

ಹಳೇ ನಂಬರ್ ಉಳಿಯುತ್ತದೆಯೇ?

ಉಳಿಯುತ್ತದೆ. ಈಗಾಗಲೇ ಭಾರತದಲ್ಲಿ ನೋಂದಣಿಯಾಗಿರುವ ಗಾಡಿ ವಿಂಟೇಜ್ ಆದರೂ ಮೂಲ ನಂಬರನ್ನೇ ಇಟ್ಟುಕೊಳ್ಳಬಹುದು. ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೇ ನಂಬರಿಗೆ ಇರುವ ಬೆಲೆ ಅದನ್ನು ಕಂಡವರಿಗೇ ಗೊತ್ತು. ಹೊಸದಾಗಿ ನೋಂದಣಿಯಾಗುವ ವಿಂಟೇಜ್ ಗಾಡಿಗೆ ಮಾತ್ರ ರಾಜ್ಯದ ಎರಡಕ್ಷರ, ನಂತರ 'ವಿಎ', ನಂತರ ಎರಡಕ್ಷರದ ಸರಣಿ, ಕೊನೆಗೆ ನಾಲ್ಕು ಅಂಕಿಯ ನಂಬರ್ ಬರುತ್ತದೆ. ಹಾಗಾಗಿ ಹಳೇ ಆರ್‌ಸಿ ಬುಕ್ಕು ಎಷ್ಟೇ ಹರಿದಿದ್ದರೂ ಬಿಸಾಡಬೇಡಿ. ಗೆದ್ದಲು ಅರ್ಧ ತಿಂದ ಬುಕ್ಕಿನಲ್ಲಿ ನಂಬರ್, ಚಾಸಿ ಸಂಖ್ಯೆ, ಒಂದು ಸೀಲು ಉಳಿದಿದ್ದರೂ ಅದೇ ನಿಮ್ಮ ಆಸ್ತಿ. ಲ್ಯಾಮಿನೇಟ್ ಮಾಡಿಸಬೇಡಿ, ಮಾಡಿಸಿದರೆ ಸೀಲು ಅಸಲಿಯೋ ನಕಲಿಯೋ ಪರೀಕ್ಷಿಸಲು ಆಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪ್ರತಿ ಪುಟದ ಫೋಟೊ ತೆಗೆದಿಡಿ.

ವಿಂಟೇಜ್ ಅರ್ಜಿ ಹಾಕುವ ಕ್ರಮ ಏನು?

ಅರ್ಜಿ ನಮೂನೆ 20ರಲ್ಲಿ, ಪರಿವಾಹನ್ ಪೋರ್ಟಲ್ ಮೂಲಕ. ಜೊತೆಗೆ ಚಾಲ್ತಿಯಲ್ಲಿರುವ ವಿಮಾ ಪಾಲಿಸಿ ಮತ್ತು ಶುಲ್ಕ. ಭಾರತದಲ್ಲಿ ಮೊದಲೇ ನೋಂದಣಿಯಾಗಿದ್ದರೆ ಹಳೇ ಆರ್‌ಸಿ, ಆಮದಾಗಿದ್ದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಬೇಕು. ಎಲ್ಲ ಸರಿಯಿದ್ದರೆ ನೋಂದಣಿ ಪ್ರಾಧಿಕಾರ 60 ದಿನದೊಳಗೆ ನಮೂನೆ 23-ಎನಲ್ಲಿ ಪ್ರಮಾಣಪತ್ರ ಕೊಡಬೇಕು.

ಅರ್ಜಿಗೆ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸ ಒಂದಿದೆ. ಗಾಡಿಯ ನಾಲ್ಕೂ ಕಡೆಯ ಫೋಟೊ, ಇಂಜಿನ್ ಬೇ, ಡ್ಯಾಶ್‌ಬೋರ್ಡ್, ಕಂಪನಿಯ ತಗಡಿನ ಪ್ಲೇಟು, ಚಾಸಿ ನಂಬರ್, ಇಂಜಿನ್ ನಂಬರ್ ಎಲ್ಲದರ ಫೋಟೊ ತೆಗೆದು, ಆರ್‌ಸಿಯಲ್ಲಿರುವುದರ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಹಳೇ ಬುಕ್ಕುಗಳು ಕೈಬರಹದವು. ಅದರಿಂದ ಕಂಪ್ಯೂಟರಿಗೆ ಏರಿಸುವಾಗ 1 ಹೋಗಿ 7 ಆಗಿರುತ್ತದೆ, ಸೊನ್ನೆ ಹೋಗಿ ಇಂಗ್ಲಿಷಿನ 'ಓ' ಆಗಿರುತ್ತದೆ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಈ ಒಂದು ಅಕ್ಷರಕ್ಕೇ. ವ್ಯತ್ಯಾಸ ಕಂಡರೆ ಮೊದಲು ಅದರ ತಿದ್ದುಪಡಿಗೆ ಬರೆದುಕೊಡಿ, ಆಮೇಲೆ ಉಳಿದದ್ದು.

ಚಾಸಿ ನಂಬರ್ ಓದಲಾಗದಷ್ಟು ತುಕ್ಕು ಹಿಡಿದಿದೆ. ಏನು ಮಾಡಲಿ?

ಗ್ರೈಂಡರ್ ಮುಟ್ಟಲೇಬೇಡಿ. ಮೊದಲು ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಹಗುರವಾಗಿ ಉಜ್ಜಿ. ಹಳೇ ಬಣ್ಣದ ಪದರ ದಪ್ಪ ಇದ್ದರೆ ಥಿನ್ನರ್ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಒತ್ತಿಡಿ. ಒಣಗಿದ ಮೇಲೆ ಬಿಳಿ ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿ, ಮೇಲಿನ ಪುಡಿ ಒರೆಸಿ. ಗುಂಡಿಯೊಳಗೆ ಸುಣ್ಣ ಕೂತು ಅಂಕಿಗಳು ಎದ್ದು ಕಾಣುತ್ತವೆ. ತೆಳು ಕಾಗದ ಇಟ್ಟು ಪೆನ್ಸಿಲ್ ಮಲಗಿಸಿ ತಿಕ್ಕಿದರೆ ಅದೇ 'ಚಾಸಿ ಪ್ರಿಂಟ್'. ಮೂರು ನಾಲ್ಕು ಪ್ರತಿ ತೆಗೆದಿಟ್ಟುಕೊಳ್ಳಿ. ಜಾವಾ-ಯೆಜ್ಡಿಗಳಲ್ಲಿ ಈ ನಂಬರ್ ಹ್ಯಾಂಡಲ್ ಕೂರುವ ಫ್ರೇಮಿನ ಕತ್ತಿನಲ್ಲಿರುತ್ತದೆ, ಕೇಬಲ್ಲುಗಳನ್ನು ಪಕ್ಕಕ್ಕೆ ಸರಿಸಿ ನೋಡಬೇಕು.

ಇಷ್ಟಾದರೂ ಅಂಕಿ ಕಾಣದಿದ್ದರೆ ಗ್ಯಾರೇಜಿನಲ್ಲಿ ಹೊಸದಾಗಿ ಪಂಚ್ ಹೊಡೆಸಬೇಡಿ. ಅನುಮತಿಯಿಲ್ಲದೆ ಹೊಡೆಸಿದ ನಂಬರ್ ಕದ್ದ ಗಾಡಿಯ ಲಕ್ಷಣದಂತೆಯೇ ಕಾಣುತ್ತದೆ. ಇದ್ದ ಸ್ಥಿತಿಯಲ್ಲೇ ಗಾಡಿಯನ್ನು ಆರ್‌ಟಿಒ ಇನ್ಸ್‌ಪೆಕ್ಟರ್‌ಗೆ ತೋರಿಸಿ, ಮರುಗುರುತಿಗೆ ಲಿಖಿತ ಅನುಮತಿ ಕೇಳಿ.

ನಮ್ಮ ಅಂಬಾಸಿಡರ್‌ಗೆ ಯಾವಾಗಲೋ ಡೀಸೆಲ್ ಇಂಜಿನ್ ಹಾಕಿಸಿದ್ದಾರೆ. ವಿಂಟೇಜ್ ಆಗುತ್ತದೆಯೇ?

ಆಗುವುದಿಲ್ಲ. ಇಂಧನವೇ ಬದಲಾದ ಮೇಲೆ ಅದು ದೊಡ್ಡ ಮಾರ್ಪಾಡು. ಪೆಟ್ರೋಲ್ ದುಬಾರಿ ಎಂದು ನಮ್ಮ ಕಡೆ ಬಹಳಷ್ಟು ಅಂಬಾಸಿಡರ್, ಜೀಪುಗಳಿಗೆ ಹೀಗೆ ಮಾಡಿಸಿದ್ದಾರೆ. ಆರ್‌ಸಿಯಲ್ಲಿ ಡೀಸೆಲ್ ಎಂದು ನಮೂದಾಗಿದ್ದರೆ ಸಾಮಾನ್ಯ ಗಾಡಿಯಾಗಿ ಮುಂದುವರಿಸಬಹುದು. ಆರ್‌ಸಿ ಪೆಟ್ರೋಲ್ ಎನ್ನುತ್ತಿದ್ದು ಒಳಗೆ ಡೀಸೆಲ್ ಇದ್ದರೆ ಸೆಕ್ಷನ್ 52ರ ಉಲ್ಲಂಘನೆ, ಎಫ್‌ಸಿ ಕೂಡ ಸಿಗದು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಚೇರಿಗಳು ಇದರಲ್ಲಿ ಬಿಗಿಯಾಗಿವೆ. ಮೂಲ ಮಾದರಿಯದೇ ಪೆಟ್ರೋಲ್ ಇಂಜಿನ್ ಹುಡುಕಿ ಹಾಕಿಸುವವರು, ಇಂಜಿನ್ ಮಾರಿದವರಿಂದ ಬಿಲ್ಲು ಮತ್ತು ಆ ಇಂಜಿನ್ ಬಂದ ಗಾಡಿಯ ಆರ್‌ಸಿ ಪ್ರತಿ ಎರಡನ್ನೂ ಪಡೆದು, ಇಂಜಿನ್ ಇಳಿಸುವ ಮೊದಲೇ ಆರ್‌ಟಿಒ ಅನುಮತಿ ತೆಗೆದುಕೊಳ್ಳಬೇಕು.

ಹಳೇ ಗಾಡಿಗೆ ರಸ್ತೆ ತೆರಿಗೆ ಮತ್ತೆ ಕಟ್ಟಬೇಕೇ?

ವಾಹನದ ಮೇಲಿನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಕೇಂದ್ರದ ವಿಂಟೇಜ್ ನಿಯಮ ನೋಂದಣಿಯನ್ನು ನೋಡಿಕೊಳ್ಳುತ್ತದೆ, ತೆರಿಗೆಯಿಂದ ವಿನಾಯಿತಿ ಕೊಡುವುದಿಲ್ಲ. ನಮ್ಮಲ್ಲಿ ಇದಕ್ಕೆ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ ಇದೆ.

ಕರ್ನಾಟಕದಲ್ಲೇ ಜೀವಿತಾವಧಿ ತೆರಿಗೆ ಕಟ್ಟಿರುವ ಖಾಸಗಿ ಕಾರಿಗೆ ನವೀಕರಣದ ಹೊತ್ತಿನಲ್ಲಿ ಅದನ್ನು ಮತ್ತೆ ಕೇಳುವುದಿಲ್ಲ. ಕೇಳುವುದು ಹಸಿರು ತೆರಿಗೆ: 15 ವರ್ಷ ಮೀರಿದ ದ್ವಿಚಕ್ರಕ್ಕೆ 250 ರೂ., ಕಾರಿಗೆ 500 ರೂ., ಐದು ವರ್ಷಕ್ಕೊಮ್ಮೆ. ಸಮಸ್ಯೆ ಬರುವುದು ಜೀವಿತಾವಧಿ ತೆರಿಗೆ ಪದ್ಧತಿಗೆ ಮುಂಚಿನ ಗಾಡಿಗಳಿಗೆ. ಆಗ ಅವಧಿವಾರು ತೆರಿಗೆ ಕಟ್ಟಿ ಕಾರ್ಡಿನಲ್ಲಿ ಸೀಲು ಹಾಕಿಸಿಕೊಳ್ಳುತ್ತಿದ್ದರು. ಆ ಕಾರ್ಡು ಇಲ್ಲದಿದ್ದರೆ, ಕಂಪ್ಯೂಟರಿನಲ್ಲೂ ತೆರಿಗೆ ವಿವರ ಖಾಲಿ ಇದ್ದರೆ, ಬಾಕಿ ಎಂದು ತೋರಿಸುತ್ತದೆ. ಆಗ ಗಾಡಿ ನೋಂದಣಿಯಾದ ಮೂಲ ಕಚೇರಿಯಲ್ಲಿ ತೆರಿಗೆ ರಿಜಿಸ್ಟರ್ ತೆಗೆಸಿ ನೋಡುವಂತೆ ಲಿಖಿತವಾಗಿ ಕೇಳಬೇಕು, ಬಾಯಿಮಾತು ಸಾಲದು.

ಎಫ್‌ಸಿ ಮುಗಿದು ವರ್ಷಗಳೇ ಆಗಿವೆ. ಎಷ್ಟು ಬೀಳುತ್ತದೆ?

ಆರ್‌ಸಿ ನವೀಕರಣ ತಡವಾದರೆ ತಿಂಗಳಿಗೆ ಮೋಟಾರ್ ಸೈಕಲ್‌ಗೆ 300 ರೂ., ಕಾರಿಗೆ 500 ರೂ. ಹೆಚ್ಚುವರಿ. 40 ತಿಂಗಳು ತಡವಾದ ಕಾರಿಗೆ ಇದೇ 20,000 ರೂ. ಆಯಿತು. ಅದರ ಮೇಲೆ ನವೀಕರಣ ಶುಲ್ಕ, ಹಸಿರು ತೆರಿಗೆ, ತಪಾಸಣೆ ಶುಲ್ಕ. ರಿಪೇರಿ ಮುಗಿಯಲಿ ಎಂದು ಕಾಯುತ್ತಾ ಕೂತವರಿಗೆ ಈ ಮೀಟರ್ ಓಡುತ್ತಲೇ ಇರುತ್ತದೆ. ಹಾಗಾಗಿ ಮೊದಲು ಬ್ರೇಕು, ಲೈಟು, ಟೈರು ಸರಿಮಾಡಿಸಿ ಎಫ್‌ಸಿ ಮುಗಿಸಿ. ಕ್ರೋಮ್ ಪಾಲಿಶ್, ಸೀಟಿನ ಕೆಲಸ ನಂತರ ನಿಧಾನವಾಗಿ ಆಗಲಿ.

ಅರ್ಜಿ ನಮೂನೆ 25ರಲ್ಲಿ, ಅವಧಿ ಮುಗಿಯುವ 60 ದಿನ ಮುಂಚೆಯೇ ಹಾಕಬಹುದು. ತಪಾಸಣೆಯಲ್ಲಿ ಹಳೇ ಗಾಡಿಗಳು ಬೀಳುವುದು ಸಣ್ಣ ವಿಷಯಗಳಿಗೆ: ಹ್ಯಾಂಡ್ ಬ್ರೇಕ್ ಹಿಡಿಯದಿರುವುದು, ವೈಪರ್ ಮೋಟಾರ್ ಸತ್ತಿರುವುದು, ಹಾರ್ನ್, ಹಿಂದಿನ ಬ್ರೇಕ್ ಲೈಟಿನ ಅರ್ತಿಂಗ್, ಬಿರುಕು ಬಿಟ್ಟ ಟೈರು. ಹತ್ತು ವರ್ಷ ಶೆಡ್ಡಿನಲ್ಲಿದ್ದ ಟೈರಿನ ಗುಂಡಿ ಹೊಸದರಂತೆ ಕಂಡರೂ ರಬ್ಬರ್ ಸತ್ತಿರುತ್ತದೆ. ಪಕ್ಕದ ಗೋಡೆಯನ್ನು ಬೆರಳಲ್ಲಿ ಒತ್ತಿ ನೋಡಿ, ಕೂದಲೆಳೆಯಂಥ ಸೀಳು ಬಾಯಿಬಿಟ್ಟರೆ ಬದಲಿಸಿ. 6 ವೋಲ್ಟಿನ ಜಾವಾದಲ್ಲಿ ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬಿಗಿಂತ ಮೊದಲು ಬ್ಯಾಟರಿ ಮತ್ತು ಅರ್ತ್ ತಂತಿ ನೋಡಿ.

ನನ್ನ ಕಾರಿಗೆ ಪೋರ್ಟಲ್‌ನಲ್ಲಿ 'ಇಂಪೋರ್ಟೆಡ್' ಎಂದು 80,000 ಕೇಳುತ್ತಿದೆ. ಅದು ಇಲ್ಲಿ ತಯಾರಾದದ್ದು!

ಹೆಸರು ನೋಡಿ ತಪ್ಪಾಗಿ ನಮೂದಿಸಿರುವ ಸಾಧ್ಯತೆ ಹೆಚ್ಚು. ಮೋರಿಸ್, ಡಾಡ್ಜ್, ಪ್ಲಿಮತ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಹಡಗಿನಲ್ಲಿ ಬಂದದ್ದಲ್ಲ. ಹಿಂದೂಸ್ತಾನ್ ಮೋಟಾರ್ಸ್ ಮೋರಿಸ್ ಮಾದರಿಗಳನ್ನು, ಮುಂಬಯಿಯ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲಿಮತ್ ಮತ್ತು ಫಿಯೆಟ್ಟನ್ನು, ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ವ್ಯಾನ್‌ಗಾರ್ಡ್ ಮತ್ತು ಹೆರಾಲ್ಡನ್ನು ಇಲ್ಲೇ ಜೋಡಿಸಿ ಮಾರಿದವು. ಬಾನೆಟ್ ಒಳಗಿನ ತಗಡಿನ ಪ್ಲೇಟಿನಲ್ಲಿ ಭಾರತೀಯ ಕಂಪನಿಯ ಹೆಸರು ಇದ್ದರೆ ಅದರ ಫೋಟೊ, ಹಳೇ ಆರ್‌ಸಿ ಬುಕ್ಕಿನ ಪುಟ ಲಗತ್ತಿಸಿ ತಿದ್ದುಪಡಿ ಕೇಳಿ. ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳುವ ದಾರಿ ಬೇಡ.

ಆರ್‌ಸಿ ಕಳೆದುಹೋಗಿದೆ, ನೋಂದಣಿಯ ಕಂಪ್ಯೂಟರ್ ದಾಖಲೆಯಾದ 'ವಾಹನ್'ನಲ್ಲೂ ನಂಬರ್ ಸಿಗುತ್ತಿಲ್ಲ.

ಕಂಪ್ಯೂಟರಿಗೆ ಏರದ ಹಳೇ ನಂಬರುಗಳು ಇನ್ನೂ ಬಹಳ ಇವೆ. ನೋಂದಣಿಯಾದ ಕಚೇರಿಗೆ ಹೋಗಿ 'ಬಿ ಎಕ್ಸ್‌ಟ್ರಾಕ್ಟ್' ಕೇಳಿ. ಅದು ಕಚೇರಿಯ ನೋಂದಣಿ ರಿಜಿಸ್ಟರಿನಲ್ಲಿ ಆ ಗಾಡಿಯ ಪುಟದ ದೃಢೀಕೃತ ನಕಲು. ಮೊದಲ ಮಾಲೀಕರಿಂದ ಕೊನೆಯವರವರೆಗಿನ ಹೆಸರು, ಚಾಸಿ-ಇಂಜಿನ್ ಸಂಖ್ಯೆ, ತೆರಿಗೆ, ಸಾಲದ ನಮೂದು ಎಲ್ಲ ಅದರಲ್ಲಿರುತ್ತದೆ. ಅದು ಕೈಗೆ ಬಂದ ಮೇಲೆ ವಾಹನ್‌ಗೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಏರಿಸುವುದು) ಮಾಡಿಸಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ನಮೂನೆ 26ರಲ್ಲಿ ನಕಲು ಆರ್‌ಸಿ ಪಡೆಯಿರಿ.

ಯಾವ ಕಚೇರಿ ಎಂಬುದೇ ಕೆಲವೊಮ್ಮೆ ಒಗಟು. 1956ರ ನವೆಂಬರ್‌ಗೆ ಮುಂಚೆ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು, ಬೆಳಗಾವಿ-ಧಾರವಾಡ ಮುಂಬಯಿಯಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ, ಕೊಡಗು ಪ್ರತ್ಯೇಕ ರಾಜ್ಯ. ಅಷ್ಟು ಹಳೇ ಗಾಡಿಯ ನಂಬರ್ ಬೇರೆ ರಾಜ್ಯದ್ದಾಗಿ ಕಂಡರೂ ಊರು ನಮ್ಮದೇ ಇರಬಹುದು. ಬುಕ್ಕಿನ ಕೊನೆಯ ಸೀಲು ಯಾವ ಕಚೇರಿಯದೋ ಅಲ್ಲಿಂದ ಹುಡುಕಾಟ ಶುರುಮಾಡಿ.

ಕಾರು ತೀರಿಹೋದ ತಾತನ ಹೆಸರಿನಲ್ಲಿದೆ.

ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಗಡುವು ಮೀರಿದ್ದರೂ ಅರ್ಜಿ ಹಾಕಲು ಅಡ್ಡಿಯಿಲ್ಲ, ದಂಡ ಸೇರುತ್ತದೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್, ವಿಮೆ, ಆರ್‌ಸಿ ಜೋಡಿಸಿ. ತಾತನ ನಂತರ ತಂದೆಯೂ ತೀರಿಕೊಂಡಿದ್ದರೆ ಎರಡೂ ಮರಣ ಪ್ರಮಾಣಪತ್ರ, ಎರಡೂ ತಲೆಮಾರು ತೋರಿಸುವ ವಂಶವೃಕ್ಷ ಬೇಕು. ಅತ್ತೆಯಂದಿರ, ಚಿಕ್ಕಪ್ಪಂದಿರ ಸಹಿ ಬಿಟ್ಟು ಮುಂದೆ ಹೋಗಬೇಡಿ. ಕಾರಿನ ಬೆಲೆ ಏರಿದ ದಿನ ಅದೇ ತಕರಾರಾಗಿ ತಿರುಗುತ್ತದೆ. ತೀರಿಹೋದವರ ಸಹಿ ಹಾಕಿ ನಮೂನೆ 29, 30 (ಮಾರಾಟವಾದಾಗ ಮಾಲೀಕತ್ವ ವರ್ಗಾವಣೆಗೆ ಬಳಸುವವು) ತುಂಬಿಕೊಡುತ್ತೇವೆ ಎನ್ನುವ ಏಜೆಂಟರನ್ನು ದೂರ ಇಡಿ, ಅದು ಫೋರ್ಜರಿ.

ಆರ್‌ಸಿಯಲ್ಲಿ ಇನ್ನೂ ಬ್ಯಾಂಕ್ ಸಾಲ ಇದೆ ಎಂದು ತೋರಿಸುತ್ತಿದೆ, ಆ ಬ್ಯಾಂಕೇ ಈಗಿಲ್ಲ.

ಬ್ಯಾಂಕ್ ವಿಲೀನವಾಗಿದ್ದರೆ ಈಗಿನ ಬ್ಯಾಂಕಿನಿಂದಲೇ ಸಾಲ ತೀರಿದ ಪತ್ರ ಮತ್ತು ನಮೂನೆ 35ಕ್ಕೆ ಸಹಿ ಪಡೆಯಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೇ ಶಾಖೆ ಇದ್ದ ಊರಿನಲ್ಲೇ ವಿಚಾರಿಸಿ. ಮುಚ್ಚಿಹೋದ ಖಾಸಗಿ ಫೈನಾನ್ಸ್ ಆಗಿದ್ದರೆ ಕಂಪನಿ ರಿಜಿಸ್ಟ್ರಾರ್ ದಾಖಲೆಯಲ್ಲಿ ಅದು ರದ್ದಾಗಿರುವ ಪುರಾವೆ, ಜೊತೆಗೆ ಅಫಿಡವಿಟ್ ಇಟ್ಟು ಆರ್‌ಟಿಒಗೆ ಮನವಿ ಕೊಡಿ.

ತಮಿಳುನಾಡಿನಿಂದಲೋ ಕೇರಳದಿಂದಲೋ ಹಳೇ ಕಾರು ತರುವುದಿದ್ದರೆ?

ಅಲ್ಲಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕದ್ದ ಗಾಡಿಯಲ್ಲ ಎಂಬ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ಪರಿಶೀಲನೆ, ನಮೂನೆ 29 ಮತ್ತು 30 ಬೇಕು. ಸೆಕ್ಷನ್ 47ರ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರಿಗೆ ನಮೂನೆ 27ರಲ್ಲಿ ಅರ್ಜಿ ಹಾಕಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ. ಆದರೆ ಮೂಲ ಬಿಲ್ಲೇ ಇಲ್ಲದ ಕಾರಿನ ಬೆಲೆ ಎಷ್ಟೆಂದು ಹಿಡಿಯುವುದು? ತಕರಾರು ಹುಟ್ಟುವುದು ಅಲ್ಲೇ. ಅಡ್ವಾನ್ಸ್ ಕೊಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿಕೊಳ್ಳಿ. ಮಾರುವವರ ಹೆಸರು ಆರ್‌ಸಿಯಲ್ಲಿಲ್ಲದಿದ್ದರೆ, ಹಿಂದಿನವರ ಸಹಿ ಮಾಡಿದ ಖಾಲಿ ಫಾರಂ ಕೈಗಿಟ್ಟರೆ, ಆ ಕಾರು ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ.

15 ವರ್ಷ ದಾಟಿದ ಗಾಡಿ ಗುಜರಿಗೆ ಹಾಕಲೇಬೇಕೇ?

ಕರ್ನಾಟಕದಲ್ಲಿ ಖಾಸಗಿ ಗಾಡಿಗೆ ಅಂಥ ವಯಸ್ಸಿನ ಮಿತಿ ಇಲ್ಲ. ತಪಾಸಣೆಯಲ್ಲಿ ಪಾಸಾದರೆ ಓಡಿಸಬಹುದು. 15 ವರ್ಷದ ಪೆಟ್ರೋಲ್, 10 ವರ್ಷದ ಡೀಸೆಲ್ ಎಂಬ ಕಟ್ಟುಪಾಡು ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟ್ ಆದೇಶಗಳಿಂದ ದಿಲ್ಲಿ ಸುತ್ತಮುತ್ತಲಿಗೆ ಬಂದದ್ದು.

ಹೊಗೆ ತಪಾಸಣೆಯಲ್ಲಿ ಹಳೇ ಇಂಜಿನ್ ಪಾಸಾಗುತ್ತದೆಯೇ?

ಆಗುತ್ತದೆ. ಹಳೇ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಇಂಗಾಲದ ಮಾನಾಕ್ಸೈಡ್ 3 ಶೇಕಡಾ, ಹೈಡ್ರೋಕಾರ್ಬನ್ 1,500 ಪಿಪಿಎಂ ಮಿತಿ. 2000ದ ಮಾರ್ಚ್‌ಗೆ ಮುಂಚಿನ ದ್ವಿಚಕ್ರಕ್ಕೆ 4.5 ಶೇಕಡಾ ಮತ್ತು 9,000 ಪಿಪಿಎಂ. ಯಂತ್ರದಲ್ಲಿ ಹೊಸ ಗಾಡಿಯ ಮಿತಿ ಆಯ್ಕೆಯಾಗಿದ್ದರೆ ಖಂಡಿತ ಫೇಲ್, ತಯಾರಿಕೆಯ ವರ್ಷ ಸರಿಯಾಗಿ ಹಾಕಿದ್ದಾರಾ ನೋಡಿ.

ಹೋಗುವ ಮುಂಚೆ 15-20 ನಿಮಿಷ ಓಡಿಸಿ ಇಂಜಿನ್ ಬಿಸಿಮಾಡಿ. ಮಾನಾಕ್ಸೈಡ್ ಹೆಚ್ಚು ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಎಂದರ್ಥ: ಚೋಕ್ ಪೂರ್ತಿ ಬಿಡದಿರುವುದು, ಏರ್ ಫಿಲ್ಟರ್ ಕಟ್ಟಿರುವುದು, ಫ್ಲೋಟ್ ನೀಡಲ್ ಸವೆದಿರುವುದು. ಐಡಲ್ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸಿ ಮತ್ತೆ ಅಳೆಸಿ. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೇ ಹೊರಗೆ ಬರುತ್ತಿದೆ: ಪ್ಲಗ್ಗು, ಪಾಯಿಂಟಿನ ಗ್ಯಾಪು, ಟೈಮಿಂಗ್ ನೋಡಿ. ಈ ಸರ್ಟಿಫಿಕೇಟ್ ಹಳೇ ಗಾಡಿಗೆ ಆರು ತಿಂಗಳಷ್ಟೇ.

ವಿಮೆ ಸಿಗುತ್ತದೆಯೇ? ಎಷ್ಟಕ್ಕೆ?

ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಶೆಡ್ಡಿನಿಂದ ರಸ್ತೆಗೆ ಇಳಿದ ಕ್ಷಣದಿಂದ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ ಖಾಸಗಿ ಕಾರಿಗೆ 1,000 ಸಿಸಿವರೆಗೆ 2,094 ರೂ., 1,500 ಸಿಸಿವರೆಗೆ 3,416 ರೂ., ಅದಕ್ಕಿಂತ ಮೇಲೆ 7,897 ರೂ. ಎಂದು ನಿಗದಿಯಾಯಿತು. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಇದರಲ್ಲಿ 50 ಶೇಕಡಾ ರಿಯಾಯಿತಿ. 1,089 ಸಿಸಿಯ ಫಿಯೆಟ್ಟಿಗೆ 3,416ರ ಬದಲು 1,708. ಆನ್‌ಲೈನ್ ಪಟ್ಟಿಯಲ್ಲಿ ನಿಮ್ಮ ಮಾದರಿ ಕಾಣದಿದ್ದರೆ ಸಾರ್ವಜನಿಕ ವಲಯದ ವಿಮಾ ಕಂಪನಿಯ ಶಾಖೆಗೆ ಆರ್‌ಸಿ ಹಿಡಿದು ನೇರ ಹೋಗಿ.

ಗಾಡಿಗೇ ವಿಮೆ ಬೇಕಾದರೆ ಬೆಲೆಯನ್ನು ಕಂಪನಿಯೂ ನೀವೂ ಕೂತು ಒಪ್ಪಿಕೊಳ್ಳಬೇಕು, ತಯಾರಿಕೆ ನಿಂತ ಮಾದರಿಗಳಿಗೆ ಅದೇ ಪದ್ಧತಿ. ಒಪ್ಪಿದ ಮೊತ್ತ ಪಾಲಿಸಿಯಲ್ಲಿ ಅಕ್ಷರದಲ್ಲಿ ಬರದಿದ್ದರೆ ಅಪಘಾತದ ದಿನ ಕೈಗೆ ಬರುವುದು ಗುಜರಿ ಬೆಲೆ.

ಸೀಟ್ ಬೆಲ್ಟ್ ಇಲ್ಲ, ಇಂಡಿಕೇಟರ್ ಇಲ್ಲ, ಸ್ಟೀರಿಂಗ್ ಎಡಗಡೆ ಇದೆ. ದಂಡ ಹಾಕುತ್ತಾರೆಯೇ?

ಕಾರಿನಲ್ಲಿ ಬೆಲ್ಟ್ ಅಳವಡಿಸಬೇಕೆಂದು ತಯಾರಕರಿಗೆ ಕಡ್ಡಾಯವಾದದ್ದು 1994ರಿಂದ. ಅದಕ್ಕೂ ಹಳೆಯ ಕಾರಿನಲ್ಲಿ ಇಲ್ಲದ ಬೆಲ್ಟನ್ನು ಧರಿಸಲಿಲ್ಲವೆಂಬ ಆರೋಪ ನಿಲ್ಲುವುದಿಲ್ಲ. ಆದರೂ ಮುಂದಿನ ಸೀಟಿಗಾದರೂ ಹಾಕಿಸಿಕೊಳ್ಳಿ, ಗಟ್ಟಿ ಆಧಾರ ಪಟ್ಟಿ ಬೆಸುಗೆ ಹಾಕಿಸಿಯೇ. ತೆಳು ತಗಡಿಗೆ ಬೋಲ್ಟ್ ಹೊಡೆದರೆ ಎಳೆತಕ್ಕೆ ಕಿತ್ತುಬರುತ್ತದೆ. ತಿರುಗುವ ಸೂಚನೆಯನ್ನು ಕೈಯಿಂದ ಕೊಡುವುದು ಇಂದಿಗೂ ಕಾನೂನುಬದ್ಧ, ಹಗಲಿಗೆ ಅದು ಸಾಕು. ಎಡಗಡೆ ಸ್ಟೀರಿಂಗ್ ಇದ್ದರೆ ಸೆಕ್ಷನ್ 120ರ ಪ್ರಕಾರ ಕೆಲಸ ಮಾಡುವ ಯಾಂತ್ರಿಕ ಅಥವಾ ವಿದ್ಯುತ್ ಸೂಚಕ ಇರಲೇಬೇಕು.

ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರದ ಹಳೇ ನಂಬರ್ ಪ್ಲೇಟ್ ಇಟ್ಟುಕೊಳ್ಳಬಹುದೇ?

ರಸ್ತೆಯಲ್ಲಿ ಬೇಡ. ಖಾಸಗಿ ಗಾಡಿಗೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪಕ್ಷರವೇ ನಿಯಮ. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಹಾಕಿಸಬೇಕೆಂದು ಕರ್ನಾಟಕ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಬುಕ್ ಮಾಡುವಾಗ ಚಾಸಿ, ಇಂಜಿನ್ ನಂಬರ್ ವಾಹನ್ ದಾಖಲೆಗೆ ಹೊಂದದಿದ್ದರೆ ಅರ್ಜಿ ಮುಂದಕ್ಕೆ ಹೋಗದು, ಮತ್ತೆ ಅದೇ ಒಂದು ಅಕ್ಷರದ ತಪ್ಪು. ಹಳೇ ಪ್ಲೇಟನ್ನು ಜೋಪಾನವಾಗಿಟ್ಟು ಪ್ರದರ್ಶನದ ಮೈದಾನದಲ್ಲಿ ಕಾರಿನ ಮುಂದೆ ಇಡಿ.

ಓಡಿಸಲು ಬೇರೆ ಲೈಸೆನ್ಸ್ ಬೇಕೇ?

ಬೇಡ. ಕಾರು-ಜೀಪಿಗೆ ಎಲ್‌ಎಂವಿ (ಲಘು ಮೋಟಾರು ವಾಹನ), ಬೈಕಿಗೆ ಗೇರ್ ಇರುವ ಮೋಟಾರ್ ಸೈಕಲ್ ಲೈಸೆನ್ಸ್ ಸಾಕು. ಈ ಹವ್ಯಾಸದಲ್ಲಿ ಹಿರಿಯರೇ ಹೆಚ್ಚು, ಅದಕ್ಕಾಗಿ ಒಂದು ಮಾತು: 55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕಷ್ಟೇ ನವೀಕರಣವಾಗುತ್ತದೆ, ನಮೂನೆ 1-ಎನಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟ್ರಯಲ್ ಕೊಡಬೇಕು.

ಇಂಗ್ಲೆಂಡಿನಲ್ಲಿರುವ ತಮ್ಮ ತನ್ನ ಹಳೇ ಕಾರಿಗೆ ತೆರಿಗೆಯೇ ಇಲ್ಲ ಅನ್ನುತ್ತಾನೆ. ನಮಗೂ ಹಾಗೆ ಆಗುತ್ತದೆಯೇ?

ಅಲ್ಲಿ 40 ವರ್ಷ ದಾಟಿದ ಕಾರು 'ಹಿಸ್ಟಾರಿಕ್' ವರ್ಗಕ್ಕೆ ಸೇರಿದರೆ ರಸ್ತೆ ತೆರಿಗೆ ಸೊನ್ನೆ, ಪ್ರತಿ ಏಪ್ರಿಲ್ 1ಕ್ಕೆ ಹೊಸ ವರ್ಷದ ಗಾಡಿಗಳು ಆ ಪಟ್ಟಿಗೆ ಸೇರುತ್ತವೆ. 2018ರ ಮೇ ತಿಂಗಳಿಂದ ಅಂಥ ಬಹುಪಾಲು ಕಾರುಗಳಿಗೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ, ದಿನವೂ ಓಡಿಸಬಹುದು. ನಮ್ಮ ನಿಯಮದಲ್ಲಿ ಅಂಥ ರಿಯಾಯಿತಿ ಇಲ್ಲ. ಅಲ್ಲಿಂದ ಕಾರು ಕಳಿಸುವ ಯೋಚನೆ ಇದ್ದರೆ ತಮ್ಮನಿಗೆ ಒಂದು ಮಾತು ಹೇಳಿ: ಮೂಲ ನೋಂದಣಿ ಪತ್ರದಲ್ಲಿ ಮೊದಲ ನೋಂದಣಿ ದಿನಾಂಕ ಸ್ಪಷ್ಟವಾಗಿರಲಿ, ಅದರಲ್ಲಿರುವ ಚಾಸಿ ಸಂಖ್ಯೆಯೇ ಬಿಲ್ ಆಫ್ ಎಂಟ್ರಿಯಲ್ಲೂ ಬರಲಿ. ಬಂದರಿನಲ್ಲಿ ಆದ ತಪ್ಪನ್ನು ಆರ್‌ಟಿಒದಲ್ಲಿ ತಿದ್ದಲಾಗುವುದಿಲ್ಲ, ಕಸ್ಟಮ್ಸ್‌ಗೇ ವಾಪಸ್ ಹೋಗಬೇಕು.